ಮೇಲಿನದು ಫೈನಲ್

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ದವಡೆಯವರ ಬಲಗೈ ಹೆಬ್ಬೆರಳಿಗೆ ಮೆತ್ತಿಕೊಂಡಿದ್ದ ಚೂರೇ ಚೂರು ಹಸಿ ಪ್ಲಾಸ್ಟರು.

ದವಡೆ ಅನ್ನುವುದು ಅವರ ಮನೆತನದ ಹೆಸರಲ್ಲ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಅವರ ಪುಟ್ಟ ಲ್ಯಾಬಿನ ಕಪಾಟುಗಳ ತುಂಬ ಪ್ಲಾಸ್ಟರಿನ ದವಡೆಗಳು, ಹೇಳದೇ ಕೇಳದೇ ಬಂದಿಳಿದ ನೆಂಟರ ಹಾಗೆ ಹಲ್ಲು ಕಿರಿದುಕೊಂಡು ಕೂತಿರುತ್ತಿದ್ದವು. ಹೀಗಾಗಿ ಬೀದಿಗೆಲ್ಲ ಅವರು ದವಡೆಯವರೇ. ಊರವರ ಬಾಯಿ ಸರಿಮಾಡುತ್ತಿದ್ದ ಈ ಮನುಷ್ಯ ತಮ್ಮ ಬಾಯಿ ತೆರೆಯುತ್ತಿದ್ದದ್ದು ಮಾತ್ರ ಊಟಕ್ಕೆ ಮತ್ತು ಆಕಳಿಕೆಗೆ.

ಅವರ ಒಬ್ಬಳೇ ಮಗಳಿಗೆ ಅಂದು ಕಾಲೇಜು ಆರಿಸಿಕೊಳ್ಳುವ ಕಡೇ ದಿನ. ಶಾಲೆಗೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ಸಂಜೆಯೊಳಗೆ ಆಯ್ಕೆ ಒತ್ತಿ ಬರಬೇಕು. ಆರಿಸುವುದಕ್ಕೆ ಇದ್ದದ್ದಾದರೂ ಎರಡೇ ಕಾಲೇಜು. ಎರಡಕ್ಕೂ ಮಾರುದ್ದದ ಹೆಸರುಗಳಿದ್ದವು, ಜನ ಅವನ್ನು ಬಳಸುತ್ತಿರಲಿಲ್ಲ. ಊರಾಚೆಯ ಗುಡ್ಡದ ಮೇಲಿದ್ದದ್ದು ಮೇಲಿನ ಕಾಲೇಜು. ಅಲ್ಲಿ ಸೇರಿದರೆ ಹಾಸ್ಟೆಲಿನಲ್ಲೇ ಇರಬೇಕು, ಮನೆಗೆ ಬರುವುದು ತಿಂಗಳಿಗೊಮ್ಮೆ. ಪೇಟೆಯಲ್ಲಿದ್ದದ್ದು ಕೆಳಗಿನ ಕಾಲೇಜು. ಅದು ದವಡೆಯವರ ಲ್ಯಾಬಿನಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಮಗಳು ಅಲ್ಲಿಗೇ ಸೇರಲಿ, ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚಬಹುದು ಅನ್ನುವುದು ದವಡೆಯವರ ಮನಸ್ಸಿನ ಆಸೆ. ಆದರೆ ಅದನ್ನು ಅವರು ಯಾರ ಹತ್ತಿರವೂ ಆಡಿರಲಿಲ್ಲ. ಅಪ್ಪ ಅನ್ನಿಸಿಕೊಂಡವನು ಬಾಯಿಬಿಟ್ಟರೆ ಅದು ಮಗುವಿನ ತಲೆಯ ಮೇಲೆ ಹೊರೆಯಾದೀತು ಅನ್ನುವ ಅಂಜಿಕೆ.

ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಮಗಳು ಹೇಳಿದ್ದಳು, "ಅಪ್ಪ, ನಾನು ವಾಪಸ್ ಬಂದು ಹೇಳೋ ತನಕ ಯಾರಿಗೂ ಏನೂ ಹೇಳ್ಬೇಡಿ. ಯಾವ್ದು ಅಂತ ಯಾರಾದ್ರೂ ಕೇಳಿದ್ರೆ, ಗೊತ್ತಿಲ್ಲ ಅನ್ನಿ."

"ನಂಗೆ ಗೊತ್ತಿಲ್ವಲ್ಲಮ್ಮ."

"ಹಾಂ, ಅದನ್ನೇ ಹೇಳಿ."

ಇಷ್ಟು ಸುಲಭದ ಕೆಲಸ ಅವರಿಗೆ ಜನ್ಮದಲ್ಲಿ ಯಾರೂ ಒಪ್ಪಿಸಿರಲಿಲ್ಲ.

ಲ್ಯಾಬಿಗೆ ಬಂದು ಏಪ್ರನ್ ಕಟ್ಟಿಕೊಂಡರೆ ಫೋನು ಒಂದೇ ಸಮ ಗುಂಯ್‌ಗುಡುತ್ತಿತ್ತು. ಶಾಲೆಯ ಪೋಷಕರದೊಂದು ಗ್ರೂಪು ಇತ್ತು. ಅಂದು ಅಲ್ಲಿ ಹಬ್ಬ. 'ನಮ್ಮವನು ಮೇಲಿನದು, ಫೈನಲ್.' 'ನಮ್ಮವಳು ಕೆಳಗಿನದು, ಫೈನಲ್.' ಒಂದೊಂದಕ್ಕೂ ಚಪ್ಪಾಳೆ, ಹೂವು, ಬಲೂನು. ದವಡೆಯವರು ಫೋನನ್ನು ಪಕ್ಕಕ್ಕೆ ಸರಿಸಿ ಆ ದಿನದ ಕೆಲಸಕ್ಕೆ ಕೈಹಾಕಿದರು. ಹೊಸದಾಗಿ ಮಾಡಿದ್ದ ಒಂದು ಪೂರ್ತಿ ಸೆಟ್ಟು. ಮೇಲಿನ ಸಾಲು ಅಚ್ಚಿನ ಮೇಲೆ ಹಾಲಿನ ಕೆನೆಯ ಹಾಗೆ ಕೂತಿತು. ಕೆಳಗಿನ ಸಾಲು ಮಾತ್ರ ಎಷ್ಟು ಒತ್ತಿದರೂ ಕುಂಟು ಸ್ಟೂಲಿನ ಹಾಗೆ ಕಟಕಟ ಅನ್ನುತ್ತಿತ್ತು. ಅದನ್ನು ಹೊಸದಾಗಿಯೇ ಮಾಡಬೇಕು. ಡಾಕ್ಟರಿಗೆ ತಿಳಿಸೋಣವೆಂದು ಫೋನು ಎತ್ತಿಕೊಂಡು ಬರೆದರು:

'ಮೇಲಿನದು ಫೈನಲ್. ಒಳ್ಳೇ ಹಿಡಿತ ಇದೆ. ಕೆಳಗಿನದು ತೀರಾ ಸಡಿಲ. ಸುಮ್ನೆ ಅಲ್ಲಾಡ್ತಾ ಇದೆ, ನಂಬೋ ಹಾಗಿಲ್ಲ. ಬೇಡ ಬಿಡಿ.'

ಬೆರಳಿನ ಪ್ಲಾಸ್ಟರು ಪರದೆಗೆ ಅಂಟಿಕೊಂಡು, ಯಾರಿಗೆ ಹೋಗುವುದೆಂಬ ಹೆಸರೇ ಮುಚ್ಚಿಹೋಗಿತ್ತು. ಒರೆಸಿದಷ್ಟೂ ಹರಡಿತು, ಹಾಗೇ ಒತ್ತಿದರು. ಹೋಯಿತು. ಹೋದದ್ದು ಡಾಕ್ಟರಿಗಲ್ಲ, ಗ್ರೂಪಿಗೆ ಅನ್ನುವುದು ತಿಳಿದದ್ದು, ಚಪ್ಪಾಳೆಗಳ ಸಾಲು ತಟ್ಟನೆ ನಿಂತು, ಗ್ರೂಪು ಪರೀಕ್ಷೆಯ ಕೋಣೆಯ ಹಾಗೆ ಸ್ತಬ್ಧವಾದಾಗ.

ಅಳಿಸುವ ಉಪಾಯ ಒಂದಿದೆಯೆಂದು ಮಗಳು ಯಾವಾಗಲೋ ತೋರಿಸಿದ್ದಳು. ದವಡೆಯವರು ಬರಹವನ್ನು ಒತ್ತಿ ಹಿಡಿದರು. ಏನೋ ಕೇಳಿತು, 'ಹೂಂ' ಅಂದರು. ಬರೆದದ್ದು ಮಾಯವಾಯಿತು. "ಅಬ್ಬ!" ಎಂದು ಕುರ್ಚಿಗೊರಗಿದರು. ಅದು ಅಳಿಸಿಹೋದದ್ದು ಅವರೊಬ್ಬರ ಫೋನಿನಿಂದ ಮಾತ್ರ. ಮಿಕ್ಕವರೆಲ್ಲರ ಫೋನಿನಲ್ಲಿ ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ ಕೂತಿತ್ತು.

ಮೊದಲ ಕರೆ ಅವರ ಮನೆಯ ಮೇಲಿನ ಮಹಡಿಯ ಹೆಡ್‌ಮಿಸ್ ಅವರದು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರ ದನಿ ಇನ್ನೂ ಪ್ರಾರ್ಥನೆಯ ಮೈದಾನದಲ್ಲೇ ಇತ್ತು. ಅವರ ಮೊಮ್ಮಗ ಮೇಲಿನ ಕಾಲೇಜಿಗೆ ಸೇರುವವನು.

"ಭೇಷ್ ಕಣಯ್ಯ! ಇಷ್ಟು ಜನದಲ್ಲಿ ನೀನೊಬ್ಬ ಇದ್ದದ್ದನ್ನ ಇದ್ದ ಹಾಗೆ ಹೇಳ್ದೆ."

"ಏನು ಮಿಸ್ ಹೇಳ್ದೆ?"

"ಕೆಳಗಿನ ಕಾಲೇಜು ಸಡಿಲ ಅಂತ. ಹಿಡಿತವೇ ಇಲ್ಲ ಅಂತ. ನಾನೂ ಹೇಳ್ಬೇಕು ಅಂತಿದ್ದೆ, ಮಗನ್ನ ಅಲ್ಲಿಗೆ ಸೇರಿಸ್ತಿರೋ ನಮ್ಮ ಬಿಲ್ಡಿಂಗಿನ ಬೇಕರಿಯವನ ಮುಖ ನೋಡಿ ಸುಮ್ನಿದ್ದೆ."

"ಮಿಸ್, ಅದು ಅಳಿಸಿಹೋಗಿದೆ..."

"ಎಲ್ಲಿ ಅಳಿಸಿದೆ? ನನ್ನ ಕಣ್ಣೆದುರಿಗೇ ಇದೆ. ಓದ್ಲಾ?"

ಓದಿದರು. ಮಕ್ಕಳಿಗೆ ಉಕ್ತಲೇಖನ ಓದುವಷ್ಟು ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ. ದವಡೆಯವರಿಗೆ ಆಗ ಎರಡೂ ಅರ್ಥ ಒಟ್ಟಿಗೆ ಹೊಳೆಯಿತು. ಕೈಯಲ್ಲಿದ್ದ ಕೆಳಗಿನ ಸಾಲು ಜಾರಿ ಮೇಜಿನ ಮೇಲೆ ಬಿತ್ತು.

'ಅಯ್ಯೋ, ನಾನು ಹೇಳಿದ್ದು ಹಲ್ಲಿನ ವಿಷಯ' ಎಂದು ಗ್ರೂಪಿನಲ್ಲಿ ಒಂದು ಸಾಲು ಬರೆದುಬಿಟ್ಟರೆ ಎಲ್ಲ ಮುಗಿಯಿತಲ್ಲ ಎಂದುಕೊಂಡು ಅವರು ಬರೆಯತೊಡಗಿದರು. ಅಷ್ಟರಲ್ಲಿ ಲ್ಯಾಬಿನ ಬಾಗಿಲು ದಢಾರನೆ ತೆರೆಯಿತು. ಬಾಯಿಗೆ ಕರ್ಚೀಫು ಒತ್ತಿಕೊಂಡ ದಪ್ಪ ಮನುಷ್ಯರೊಬ್ಬರು ಒಳಬಂದರು.

ಡ್ರೈವಿಂಗ್ ಸ್ಕೂಲಿನವರು! ಪೋಷಕರ ಗ್ರೂಪಿನ ಮುಖಂಡರು ಅವರೇ. ಅವರ ನಗುಮುಖ ಊರಿಗೆಲ್ಲ ಪರಿಚಿತ. ಅವರ ಶಾಲೆಯ ಒಂದೊಂದು ಕಾರಿನ ಬೆನ್ನಿನ ಮೇಲೂ, ಬಸ್ಸು ನಿಲ್ಲುವಲ್ಲೆಲ್ಲ ಅಂಟಿಸಿದ್ದ ಜಾಹೀರಾತಿನ ಮೇಲೂ ಅವರದೇ ನಗು, ಕಿವಿಯಿಂದ ಕಿವಿಯ ತನಕ. 'ನಗುನಗುತ್ತಾ ಕಲಿಯಿರಿ' ಎಂದು ಕೆಳಗೆ ಬರೆದಿರುತ್ತಿತ್ತು. ಆ ನಗುವಿನೊಳಗೆ ಸ್ವಂತದ್ದು ಒಂದು ಹಲ್ಲೂ ಇಲ್ಲ ಅನ್ನುವುದು ತಿಳಿದಿದ್ದದ್ದು ಹಲ್ಲಿನ ಡಾಕ್ಟರಿಗೆ ಮತ್ತು ದವಡೆಯವರಿಗೆ. ಹೆಂಡತಿಗೂ ಗೊತ್ತಿಲ್ಲವೆಂದು ಅವರು ಹೇಳಿಕೊಳ್ಳುತ್ತಿದ್ದರು. ಹಳೆಯ ಸೆಟ್ಟು ಒಡೆದುಹೋಗಿ, ಗಂಟಲು ನೋವಿನ ನೆಪದಲ್ಲಿ ನಾಲ್ಕಾರು ದಿನದಿಂದ ಕರ್ಚೀಫಿನ ಮರೆಯಲ್ಲಿ ಓಡಾಡುತ್ತಿದ್ದರು. ಮೇಜಿನ ಮೇಲೆ ಬಿದ್ದಿದ್ದ ಸೆಟ್ಟು ಅವರದೇ.

"ಏನ್ ಶ್ವಾಮಿ ಇದು? ನನ್ನ ಮಗಳು ಶೇರೋ ಕಾಲೇಜು ಶಡಿಲಾನಾ?" ಹಲ್ಲಿಲ್ಲದ ಬಾಯಲ್ಲಿ 'ಸ'ಗಳೆಲ್ಲ ಜಾರುತ್ತಿದ್ದವು. "ಇಶ್ಟು ಜನ ಶೇರಿರೋ ಗ್ರೂಪಲ್ಲಿ ಹೀಗಾ ಬರೆಯೋದು?"

"ಸರ್, ನಿಧಾನ. ಅದು ಕಾಲೇಜಲ್ಲ."

"ಮತ್ತೆ?"

ದವಡೆಯವರು ಸುಮ್ಮನೆ ಮೇಜಿನ ಕಡೆ ಬೆರಳು ತೋರಿಸಿದರು. "ಅಲ್ಲಾಡ್ತಿರೋದು ನಿಮ್ಮದು."

ಡ್ರೈವಿಂಗ್ ಸ್ಕೂಲಿನವರು ಕೆಳಗಿನ ಸಾಲನ್ನು ನೋಡಿದರು, ಫೋನನ್ನು ನೋಡಿದರು, ದವಡೆಯವರನ್ನು ನೋಡಿದರು. ಮುಖದ ಬಣ್ಣ ಇಳಿಯಿತು. ಕುರ್ಚಿ ಎಳೆದುಕೊಂಡು ಕೂತರು.

"ಇದನ್ನ ಗ್ರೂಪಲ್ಲಿ ಹೇಳ್ತೀರಾ?"

"ಹಲ್ಲು ಅಂತಷ್ಟೇ ಹೇಳ್ತೀನಿ ಸರ್. ಯಾರದ್ದು ಅಂತ ಯಾಕೆ ಹೇಳ್ಲಿ?"

"ನೀವು ಹಲ್ಲು ಅಂದ್ರೆ ಶಾಕು, ಯಾರದ್ದು ಅಂತ ಹುಡುಕೋಕೆ ಅವ್ರಿಗೆ ಶಂಜೆ ತನಕ ಬೇಕಾ? ಇಡೀ ಗ್ರೂಪಲ್ಲಿ ಬಾಯಿ ಮುಚ್ಚಿಕೊಂಡು ಓಡಾಡ್ತಿರೋನು ನಾನೊಬ್ನೇ!" ಅವರು ಕೈಮುಗಿದರು. "ದಯವಿಟ್ಟು ಶ್ವಾಮಿ. ನನ್ನ ಹೊಟ್ಟೆಪಾಡು ಈ ನಗು. ನಾಳೆ ರಶ್ತೇಲಿ ಮಕ್ಕಳು ಕಾರು ನೋಡಿ ನಗ್ತವೆ."

ಮಾತು ನಿಜ. ರೋಗಿಯ ಬಾಯಿಯ ಗುಟ್ಟು ಆಚೆ ಬಿಡಬಾರದು ಅನ್ನುವುದು ದವಡೆಯವರು ಕಸುಬಿಗೆ ಕೂತ ದಿನದಿಂದ ಪಾಲಿಸಿಕೊಂಡು ಬಂದ ಶಿಸ್ತು. ಅರ್ಧ ಬರೆದಿದ್ದ ಸಾಲನ್ನು ಅಳಿಸಿದರು. "ಹೇಳಲ್ಲ ಹೋಗಿ ಸರ್" ಅಂದರು.

ಡ್ರೈವಿಂಗ್ ಸ್ಕೂಲಿನವರು ಕಣ್ಣೊರೆಸಿಕೊಂಡು ಹೊರಟರು. ಹೋದ ಸ್ವಲ್ಪ ಹೊತ್ತಿಗೇ ಗ್ರೂಪಿನಲ್ಲಿ ಅವರ ಬರಹ ಬಂತು: 'ಕೆಲವರಿಗೆ ಮಕ್ಕಳು ಸ್ವಲ್ಪ ಓದಿದ ಕೂಡಲೇ ಕಣ್ಣು ನೆತ್ತಿಗೆ ಹೋಗುತ್ತದೆ. ಇಂಥ ಅಹಂಕಾರವನ್ನು ಎಲ್ಲರೂ ಖಂಡಿಸಬೇಕು.' ಬರೆಯುವಾಗ ಅವರ 'ಸ'ಗಳು ಒಂದೂ ಜಾರಿರಲಿಲ್ಲ. ತಮ್ಮ ಕಡೆ ಯಾರ ಅನುಮಾನವೂ ತಿರುಗದಿರಲಿ ಎಂದು ಹಾಗೆ ಬರೆದೆನೆಂದು ಆಮೇಲೆ ದವಡೆಯವರೊಬ್ಬರಿಗೇ ಬೇರೆಯಾಗಿ ಕೈಮುಗಿದ ಚಿತ್ರ ಕಳಿಸಿದರು.

ಗ್ರೂಪು ಖಂಡಿಸತೊಡಗಿತು.

ಮಗಳಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಶಾಲೆಯೊಳಗೆ ಮಕ್ಕಳಿಗೆ ಫೋನು ಬಿಡುತ್ತಿರಲಿಲ್ಲ. ದವಡೆಯವರಿಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಒಂದು ಬಾಚಿಹಲ್ಲನ್ನು ತಿರುಗುಮುರುಗು ಕೂರಿಸಿ, ಕಿತ್ತು, ಮತ್ತೆ ಹಾಗೆಯೇ ಕೂರಿಸಿದರು. ಸಾಕಾಗಿ, ಮಧ್ಯಾಹ್ನಕ್ಕೆ ಬ್ರೆಡ್ಡಾದರೂ ತರೋಣವೆಂದು ತಮ್ಮ ಮನೆಯಿರುವ ಕಟ್ಟಡದ ಕೆಳಗಿನ ಬೇಕರಿಗೆ ಹೋದರು.

ಬೇಕರಿಯವರು ಗಲ್ಲಾದಲ್ಲೇ ಇದ್ದರು. ಅವರ ಮಗ ಕೆಳಗಿನ ಕಾಲೇಜಿಗೆ ಸೇರುವವನು. ಬೆಳಿಗ್ಗೆ ಗ್ರೂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಬಲೂನು ಹಾರಿಸಿದವರು ಅವರೇ.

"ಒಂದು ಬ್ರೆಡ್ ಕೊಡಿ."

ಬೇಕರಿಯವರು ತಲೆ ಎತ್ತಲಿಲ್ಲ. "ನಮ್ಮ ಬ್ರೆಡ್ಡು ತೀರಾ ಸಡಿಲ ಸರ್. ಸುಮ್ನೆ ಅಲ್ಲಾಡ್ತಾ ಇದೆ. ನಂಬೋ ಹಾಗಿಲ್ಲ. ಬೇಡ ಬಿಡಿ."

"ಅಲ್ಲ, ಕೇಳಿ ಇಲ್ಲಿ..."

"ಮೇಲೆಲ್ಲಾದ್ರೂ ಒಳ್ಳೇ ಹಿಡಿತ ಇರೋದು ಸಿಗತ್ತೆ, ನೋಡಿ."

ಬ್ರೆಡ್ಡು ಕೊಳ್ಳಲು ನಿಂತಿದ್ದ ಇನ್ನಿಬ್ಬರು ಪೋಷಕರು, ಜಾಗ ಬೇಕಾದಷ್ಟಿದ್ದರೂ, ಪಕ್ಕಕ್ಕೆ ಸರಿದು ನಿಂತರು. ಎಷ್ಟೋ ವರ್ಷದಿಂದ ದವಡೆಯವರು ಬಾಗಿಲಿಗೆ ಬಂದ ಕೂಡಲೇ ಕೇಳದೇ ಬ್ರೆಡ್ಡು ಕಟ್ಟಿಕೊಡುತ್ತಿದ್ದ ಮನುಷ್ಯ ಈತ. ಮಗಳು ಜ್ವರದಲ್ಲಿ ಮಲಗಿದ್ದಾಗ ಬೆಳಗಾಗುವ ಮುಂಚೆ ಬೇಕರಿಯ ವ್ಯಾನಿನಲ್ಲೇ ಆಸ್ಪತ್ರೆಗೆ ಕರೆದೊಯ್ದವರು. ದವಡೆಯವರು ಹಸಿದ ಹೊಟ್ಟೆಯಲ್ಲೇ ಹಿಂದಿರುಗಿದರು.

ಲ್ಯಾಬಿನ ಮೆಟ್ಟಿಲು ಹತ್ತುವಷ್ಟರಲ್ಲಿ ಹೆಂಡತಿಯ ಫೋನು. ಅವರು ಗ್ರಂಥಾಲಯದಲ್ಲಿ ಕೆಲಸ ಮಾಡುವವರಾದ್ದರಿಂದ ಸಿಟ್ಟು ಬಂದಾಗಲೂ ಪಿಸುಮಾತಿನಲ್ಲೇ ಬಯ್ಯುತ್ತಿದ್ದರು.

"ಏನ್ರೀ ಮಾಡಿದ್ದೀರಿ? ಪುಸ್ತಕ ವಾಪಸ್ ಕೊಡೋಕೆ ಬಂದೋರೆಲ್ಲ ನನ್ನನ್ನ ಗುರಾಯಿಸ್ತಿದ್ದಾರೆ."

"ಅದು ಬೇರೆ ವಿಷಯ ಕಣೇ. ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ಲ ಅಂದ್ರೆ ಬರೆದದ್ಯಾಕೆ? ಅದೂ ಕೆಳಗಿನ ಕಾಲೇಜನ್ನ ಹಿಡಿದು. ನಮ್ಮವಳು ಸೇರ್ತಿರೋದೇ ಅಲ್ಲಿಗೆ!"

ದವಡೆಯವರು ಮೆಟ್ಟಿಲ ಮೇಲೇ ಕೂತರು. "ಏನಂದೆ?"

"ನಿನ್ನೆ ಸಂಜೆ ಬಟ್ಟೆ ಮಡಚ್ತಾ ಇದ್ದಾಗ ನಂಗೆ ಹೇಳಿದ್ಲು. ಕೆಳಗಿನದೇ ಅಂತ ಮನಸ್ಸು ಮಾಡಿದೀನಿ, ಅಪ್ಪಂಗೆ ನಾನೇ ಹೇಳ್ತೀನಿ ಅಂದ್ಲು. ನೀವು ಗೊತ್ತಿಲ್ಲದ ಹಾಗೇ ಇರಿ."

ಅವರಿಗೆ ಕುಣಿಯುವಷ್ಟು ಸಂತೋಷವಾಯಿತು. ಮಗಳು ದೂರ ಹೋಗುವುದಿಲ್ಲ! ಅದೇ ಗಳಿಗೆಗೆ ಇನ್ನೊಂದು ಬಾಗಿಲೂ ತೆರೆದ ಹಾಗಾಯಿತು. ಮಗಳು ಕೆಳಗಿನ ಕಾಲೇಜಿಗೇ ಸೇರುತ್ತಿದ್ದಾಳೆ ಅಂದಮೇಲೆ ಅದನ್ನು ತಾವು ಹಳಿದಿರುವುದು ಸಾಧ್ಯವೇ? ಹಲ್ಲಿನ ಮಾತೇ ಬೇಡ. ಮಗಳಿಗೆ ಕೊಟ್ಟ ಮಾತು ಒಂದು ಕ್ಷಣ ಅಡ್ಡ ಬಂತು. ಆದರೆ ಆಕೆ ಹೇಗೂ ಸಂಜೆ ಹೇಳುವವಳೇ, ನಾಲ್ಕು ತಾಸು ಮುಂಚೆ ಹೇಳಿದರೆ ಆಕಾಶವೇನು ಕಳಚಿ ಬೀಳುತ್ತದೆ? ಅವರು ಮೊದಲು ಕೈ ತೊಳೆದುಕೊಂಡರು. ಆಮೇಲೆ ಬರೆದರು:

'ದಯವಿಟ್ಟು ತಪ್ಪು ತಿಳಿಯಬೇಡಿ. ನನ್ನ ಮಗಳು ಸೇರುವುದು ಕೆಳಗಿನ ಕಾಲೇಜಿಗೇ. ಊರಿಗೆ ಹೆಮ್ಮೆಯ ಕಾಲೇಜು. ಬೆಳಿಗ್ಗೆ ಬರೆದದ್ದು ನಮ್ಮ ಮನೆಯ ನಲ್ಲಿ ವಿಷಯ. ಪ್ಲಂಬರಿಗೆ ಹೋಗಬೇಕಾದದ್ದು ಇಲ್ಲಿಗೆ ಬಂತು.'

ನಲ್ಲಿ ಎಲ್ಲಿಂದ ಬಂತೆಂದು ಅವರಿಗೇ ತಿಳಿಯದು. ಗ್ರೂಪು ಸ್ವಲ್ಪ ಹೊತ್ತು ಯೋಚಿಸಿತು. ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನವರು ನೆರವಿಗೆ ಧಾವಿಸಿದರು: 'ಹೌದು. ಇವರ ಮನೆಯ ಕೆಳಗಿನ ನಲ್ಲಿ ಸಡಿಲವಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈ ವಿಷಯವನ್ನು ಇಲ್ಲಿಗೇ ಬಿಡೋಣ.'

ಬಿಟ್ಟರು. ಹೂವು ಅರಳಿದವು, ಬಲೂನು ಹಾರಿದವು. ಒಬ್ಬರಂತೂ ಒಳ್ಳೆಯ ಪ್ಲಂಬರೊಬ್ಬನ ನಂಬರನ್ನೂ ಹಾಕಿದರು. ಬೇಕರಿಯವರು ಫೋನನ್ನೇ ಮಾಡಿದರು.

"ಸರ್, ನನ್ನನ್ನ ಕ್ಷಮಿಸ್ಬೇಕು. ಬ್ರೆಡ್ ಕೇಳಿದೋರ್ಗೆ ಅಂಥ ಮಾತಾಡ್ಬಾರ್ದಿತ್ತು. ನನ್ನ ಮಗ, ನಿಮ್ಮ ಮಗಳು ಒಂದೇ ಕಾಲೇಜು, ಇನ್ನೇನು ಬೇಕು? ಸಂಜೆ ಒಂದು ಕೇಕ್ ತಗೊಂಡು ನಿಮ್ಮನೆಗೆ ಬರ್ತೀನಿ. ಬೇಡ ಅನ್ಬಾರ್ದು."

ಹೆಡ್‌ಮಿಸ್ ಮಾತ್ರ ಒಂದೇ ಸಾಲು ಕಳಿಸಿದರು: 'ಬೆಳಿಗ್ಗೆ ನಿನ್ನನ್ನು ಗಂಡಸು ಅಂದುಕೊಂಡಿದ್ದೆ.' ಒಬ್ಬರನ್ನು ಕಳೆದುಕೊಂಡು ಊರನ್ನೆಲ್ಲ ಗಳಿಸಿದ್ದು ಲಾಭವೇ ಎಂದು ದವಡೆಯವರು ಸಮಾಧಾನ ಮಾಡಿಕೊಂಡರು. ಆಮೇಲೆ ಕೆಲಸ ಸರಾಗವಾಗಿ ನಡೆಯಿತು. ಕೆಳಗಿನ ಸಾಲಿಗೆ ಹೊಸದಾಗಿ ಮೇಣ ಕೂರಿಸುತ್ತ ಅವರು, ಇಬ್ಬರು ಕೂತು ಉಣ್ಣಬೇಕಾದರೆ ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿಸಬೇಕು, ಆ ದವಡೆಗಳನ್ನೆಲ್ಲ ಮಗಳ ಕಣ್ಣಿಗೆ ಬೀಳದ ಹಾಗೆ ಗೋಡೆಯ ಕಡೆ ತಿರುಗಿಸಿಡಬೇಕು ಎಂದೆಲ್ಲ ಲೆಕ್ಕ ಹಾಕಿದರು.

ಸಂಜೆ ಅವರು ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಮಗಳು ಓಡುತ್ತ ಮೆಟ್ಟಿಲು ಹತ್ತಿ ಬಂದಳು. ಉಸಿರು ಮೇಲೆ ಕೆಳಗಾಗುತ್ತಿತ್ತು. ಬಂದವಳೇ ಅಪ್ಪನ ಎರಡೂ ಕೈ ಹಿಡಿದುಕೊಂಡಳು.

"ಅಪ್ಪ! ಮೇಲಿನದು ಒತ್ತಿ ಬಂದೆ!"

ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಚಮಚವೊಂದು ಬಿದ್ದ ಸದ್ದಾಯಿತು.

"ಮೇಲಿನದಾ?" ಅಂದರು ದವಡೆಯವರು. "ಕೆಳಗಿನದಲ್ವಾ?"

"ಕೆಳಗಿನದೇ ಅಂದ್ಕೊಂಡಿದ್ದೆ. ಅಮ್ಮಂಗೂ ಹಾಗೇ ಹೇಳಿದ್ದೆ. ನಂಗೆ ಓದೋಕಿಷ್ಟ ಇರೋದು ಕಲ್ಲು, ಮಣ್ಣಿನ ಶಾಸ್ತ್ರ ಅಪ್ಪ, ಅದಿರೋದು ಮೇಲಿನ ಕಾಲೇಜಲ್ಲಿ ಮಾತ್ರ. ಆದ್ರೆ ಹಾಸ್ಟೆಲ್ಲಿಗೆ ಹೋಗ್ತೀನಿ ಅಂದ್ರೆ ನಿಮ್ಗೆ ಎಷ್ಟು ಬೇಜಾರಾಗತ್ತೋ ಅಂತ ಸುಮ್ನಿದ್ದೆ. ನೀವೂ ಏನೂ ಹೇಳ್ತಿರ್ಲಿಲ್ಲ. ಹೇಳ್ದೇ ಇದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?" ಅವಳ ಕಣ್ಣು ತುಂಬಿತ್ತು. "ಬೆಳಿಗ್ಗೆ ಇನ್ನೇನು ಕೆಳಗಿನದು ಒತ್ಬೇಕು ಅಂತ ಕೂತಿದ್ದೆ. ತಮ್ಮ ಮಗಳ ಜೊತೆ ಬಂದಿದ್ದ ಆಂಟಿಯೊಬ್ರು, ನೋಡು ನಿಮ್ಮಪ್ಪ ಏನು ಬರೆದಿದ್ದಾರೆ ಅಂತ ಫೋನ್ ತೋರಿಸಿದ್ರು. ಓದಿ ಅಳುನೇ ಬಂತು. ಯಾವತ್ತೂ ಬಾಯಿಬಿಡದ ನನ್ನಪ್ಪ, ಊರೆಲ್ಲ ಬೈದ್ರೂ ಪರವಾಗಿಲ್ಲ ಅಂತ, ನನ್ನ ಪರವಾಗಿ ಅಷ್ಟು ದೊಡ್ಡ ಮಾತು ಹೇಳಿದ್ದಾರೆ! ನನ್ನ ಮನಸ್ಸು ನಿಮ್ಗೆ ಹೇಗಪ್ಪ ಗೊತ್ತಾಯ್ತು?"

ದವಡೆಯವರು ಬಾಯಿ ತೆರೆದರು. ಕಟಕಟ ಅನ್ನುವ ಕೆಳಗಿನ ಸಾಲು, ಡ್ರೈವಿಂಗ್ ಸ್ಕೂಲಿನವರು, ಪ್ಲಾಸ್ಟರು, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು. ಅವಳು ಅವರನ್ನು ಹಾಗೆ ನೋಡಿದ್ದು, ಅವರು ಮೊದಲ ಸಲ ಅವಳ ಸೈಕಲ್ಲನ್ನು ಹಿಂದಿನಿಂದ ಹಿಡಿದುಕೊಂಡು ಓಡಿದ್ದ ದಿನ ಬಿಟ್ಟರೆ, ಇದೇ. ಅವರು ಬಾಯಿ ಮುಚ್ಚಿಕೊಂಡು, ಅವಳ ತಲೆ ಸವರಿದರು.

"ಅಪ್ಪಂಗೆ ಗೊತ್ತಾಗದೇ ಇರತ್ತೇನಮ್ಮ" ಅಂದರು.

ಆಗ ಬಾಗಿಲ ಗಂಟೆ ಸದ್ದು ಮಾಡಿತು.

ಬೇಕರಿಯವರು ಎರಡೂ ಕೈಯಲ್ಲಿ ದೊಡ್ಡ ಕೇಕು ಹಿಡಿದು ನಿಂತಿದ್ದರು. ಹಿಂದೆ ಮೆಟ್ಟಿಲುದ್ದಕ್ಕೂ ಕೆಳಗಿನ ಕಾಲೇಜಿನ ನಾಲ್ಕಾರು ಪೋಷಕರು. ಕೊನೆಯಲ್ಲಿ, ಕರ್ಚೀಫಿನ ಮರೆಯಿಂದಲೇ ಹರ್ಷ ಸೂಸುತ್ತ ಡ್ರೈವಿಂಗ್ ಸ್ಕೂಲಿನವರು. ಕೇಕಿನ ಮೇಲೆ 'ನಮ್ಮ ಕಾಲೇಜಿಗೆ ಸ್ವಾಗತ' ಎಂದು ಕೆನೆಯಲ್ಲಿ ಬರೆದಿತ್ತು.

"ಎಲ್ಲಿ, ನಮ್ಮ ಕೆಳಗಿನ ಕಾಲೇಜಿನ ಹುಡುಗಿ?" ಎಂದು ಬೇಕರಿಯವರು ನಕ್ಕರು.

"ಅಂಕಲ್, ನಾನು ಮೇಲಿನ ಕಾಲೇಜು" ಅಂದಳು ಮಗಳು. "ಆಗ್ಲೇ ಫೈನಲ್ ಮಾಡ್ದೆ, ರಸೀದಿ ಸಿಕ್ಕಿದ್ದು ಈಗ. ಅಪ್ಪ ಬೆಳಿಗ್ಗೇನೇ ಗ್ರೂಪಲ್ಲಿ ಹಾಕಿದ್ರಲ್ಲ, ನೀವು ನೋಡ್ಲಿಲ್ವಾ?"

ಬೇಕರಿಯವರ ನಗು ಓವನ್ನಿನಿಂದ ಬೇಗ ತೆಗೆದ ಕೇಕಿನ ಹಾಗೆ ನಿಧಾನವಾಗಿ ಕುಸಿಯಿತು.

"ಸರ್, ಅದು ನಲ್ಲಿ ವಿಷಯ ಅಂದ್ರಿ?"

"ಯಾವ ನಲ್ಲಿ ಅಪ್ಪ?" ಅಂದಳು ಮಗಳು.

ಡ್ರೈವಿಂಗ್ ಸ್ಕೂಲಿನವರು ಹಿಂದಿನಿಂದ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು. ದವಡೆಯವರು ಅವರನ್ನು ನೋಡಿದರು, ಎಷ್ಟೋ ವರ್ಷದ ಸ್ನೇಹದ ಬೇಕರಿಯವರನ್ನು ನೋಡಿದರು, ಕೊನೆಗೆ ಮಗಳನ್ನು ನೋಡಿದರು. ಅವಳು ಇನ್ನೂ ಅವರ ಒಂದು ಕೈಯನ್ನು ಬಿಟ್ಟಿರಲಿಲ್ಲ.

"ನಲ್ಲಿ ಎಲ್ಲಾ ಸರಿಯಾಗೇ ಇದೆ" ಅಂದರು ದವಡೆಯವರು. "ಬೆಳಿಗ್ಗೆ ಬರೆದಿದ್ದು ಕಾಲೇಜಿನ ವಿಷಯವೇ."

ಬೇಕರಿಯವರು ಕೇಕನ್ನು ಜೋಪಾನವಾಗಿ ಹಿಡಿದುಕೊಂಡು ಹಿಂದಕ್ಕೆ ತಿರುಗಿದರು. ಮೆರವಣಿಗೆ ಬಂದ ಹಾಗೆಯೇ ಸಾಲಾಗಿ ಇಳಿದುಹೋಯಿತು. ಸದ್ದೆಲ್ಲ ಅಡಗಿದ ಮೇಲೆ ಮಗಳು ಮೆಟ್ಟಿಲಿನತ್ತ ಇಣುಕಿ ನೋಡಿ ಕೇಳಿದಳು.

"ಕೇಕ್ ಯಾಕಪ್ಪ ವಾಪಸ್ ತಗೊಂಡು ಹೋದ್ರು?"

"ಬೇರೆ ಮನೇದಂತೆ ಕಣಮ್ಮ" ಅಂದರು ದವಡೆಯವರು. "ಬಾಗಿಲು ತಪ್ಪಿ ಬಂದಿದ್ರು."